ಟ್ಯಾಂಕಿನೊಳಗಿನ ಚೆಂಡುಗಳು

ಇಡೀ ದಿನ ಓಡುವ ಕಾರ್ ರೇಸಿನ ಆ ತಂಡದಲ್ಲಿ ಟ್ಯಾಂಕಿನ ಮೇಸ್ತ್ರಿಯನ್ನು ಎಲ್ಲರೂ ತೊಟ್ಟುಮಾವ ಎಂದೇ ಕರೆಯುತ್ತಿದ್ದರು. ಪೆಟ್ರೋಲ್ ಕಾರಿಗೆ ತೊಂಬತ್ತು ಲೀಟರ್ ಮಿತಿ. ಟ್ಯಾಂಕು ಅದಕ್ಕಿಂತ ದೊಡ್ಡದಿದ್ದರೆ ಅವನು ಒಳಗೆ ಪ್ಲಾಸ್ಟಿಕ್ ಚೆಂಡುಗಳನ್ನು ಹಾಕಿ ಜಾಗ ಕುಗ್ಗಿಸುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಬ್ಬ ತಪಾಸಣೆಗಾರನಿಗೂ ಅವನ ಟ್ಯಾಂಕಿನಲ್ಲಿ ಒಂದು ತೊಟ್ಟು ಹೆಚ್ಚು ಸಿಕ್ಕಿರಲಿಲ್ಲ.

ಈ ಸಲ ಅವನ ಅಕ್ಕನ ಮಗಳು ಓಡಿಸುವ ಕಾರಿಗೆ ಕೊಳೆತ ದ್ರಾಕ್ಷಿಯಿಂದ ತೆಗೆದ ಸ್ಪಿರಿಟ್. ಅದು ಬೇಗ ಉರಿದುಹೋಗುತ್ತದೆಂದು ನಿಯಮದಲ್ಲೇ ಹತ್ತು ಲೀಟರ್ ಹೆಚ್ಚು ಕೊಟ್ಟಿದ್ದರು. ತಪಾಸಣೆಗಾರ ಟ್ಯಾಂಕು ಅಳೆದು, ಮುಗುಳ್ನಕ್ಕು, ಸೀಲ್ ಒತ್ತಿದ. ಮಿತಿಗಿಂತ ಕಡಿಮೆಯಿದ್ದರೆ ಅವನ ಗಂಟೇನು ಹೋಗಬೇಕು?

"ಒಂದು ತೊಟ್ಟೂ ಹೆಚ್ಚಿಲ್ಲ ಕಣೇ!" ಎಂದು ಮಾವ ಎದೆಯುಬ್ಬಿಸಿದ.

ಇಂಧನ ತೋರಿಸುವ ಮುಳ್ಳು ಆ ಕಾರಿನಲ್ಲಿರಲಿಲ್ಲ. ಮಾವನ ಮಾತೇ ಮುಳ್ಳು. ಆಕೆ ನೂರು ಲೀಟರಿನ ಲೆಕ್ಕದಲ್ಲಿ ಹೊರಟಳು. ಇಂಧನ ತುಂಬಿಸಿಕೊಳ್ಳಲು ಇನ್ನೂ ನಾಲ್ಕು ಸುತ್ತು ಬಾಕಿಯಿರುವಾಗ, ಎಲ್ಲರ ಕಣ್ಣೆದುರೇ, ಕಾರು ಗೊರ್ ಎಂದು ನಿಂತುಬಿಟ್ಟಿತು.

ಮಾವ ಏದುಸಿರು ಬಿಡುತ್ತ ಓಡಿಬಂದು ಹಿಂದಿನಿಂದ ತಳ್ಳಿದ. ಬರಿದಾದ ಟ್ಯಾಂಕಿನೊಳಗೆ ಲೊಟಲೊಟ ಸದ್ದಾಯಿತು. ಅವನು ನಾಲಿಗೆ ಕಚ್ಚಿಕೊಂಡ. ಇಂಧನ ಹೊಸದಾದರೂ ಹಳೇ ಕೈ ತೊಂಬತ್ತರ ಲೆಕ್ಕದ ಚೆಂಡುಗಳನ್ನೇ ಒಂದೂ ಬಿಡದೆ ಎಣಿಸಿ ಹಾಕಿತ್ತು.

ಅಕ್ಕನ ಮಗಳು ಹೆಲ್ಮೆಟ್ ತೆಗೆದು ಕಿಟಕಿಯಿಂದ ಕತ್ತು ಹೊರಹಾಕಿದಳು.

"ನೀನು ಹೇಳಿದ್ದು ಸತ್ಯ ಮಾವ. ಒಂದು ತೊಟ್ಟೂ ಹೆಚ್ಚಿರಲಿಲ್ಲ. ಹೂಂ, ತಳ್ಳು."