ಅವ್ವನ ಸಂದೂಕದ ಅರ್ಧ

ಅವ್ವನ ಸಂದೂಕದಲ್ಲಿ ಅರ್ಧ ನಿನಗೆ, ಅರ್ಧ ನನಗೆ ಎಂದು ಮೈಲಪ್ಪ ಅಕ್ಕನಿಗೆ ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. ಅವ್ವನ ಮಣ್ಣು ಮುಗಿಸಿ ಬಂದ ದಿನ ಆಡಿದ ಮಾತು. ಈಗ ಅವನು ಹಗರಿಬೊಮ್ಮನಹಳ್ಳಿಯಿಂದ ಬಸ್ಸಿನಲ್ಲಿ ಹೊತ್ತು ತಂದು, ಹೊಸಹಳ್ಳಿಯ ಅಕ್ಕನ ಮನೆಯ ಕಟ್ಟೆಯ ಮೇಲೆ ಇಳಿಸಿದ್ದು ಎರಡು ಸ್ಪೀಕರ್ ಪೆಟ್ಟಿಗೆ. ಕರ್ರಗೆ ಹೊಳೆಯುತ್ತಿದ್ದವು. ಅಕ್ಕ ಭರಮಮ್ಮ ಬಗ್ಗಿ ನೋಡಿದರೆ ಅವಳ ಮೂಗುತಿಯೂ ಅದರಲ್ಲಿ ಕಾಣುತ್ತಿತ್ತು.

ಮೈಲಪ್ಪನದು ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಬಿಡುವಾದಾಗ ಮನೆಯಲ್ಲೇ ಕುಳಿತು ಸ್ಪೀಕರ್ ಪೆಟ್ಟಿಗೆ ಮಾಡುವ ಹುಚ್ಚು. ಸಂದೂಕದ ತಳಕ್ಕೆ ಗೆದ್ದಲು ಹಿಡಿದಿತ್ತು, ಚಲೋ ಉಳಿದ ಹಲಗೆ ಬಿಚ್ಚಿ ಅಕ್ಕನ ಮಗಳು ಶೃತಿಗೆಂದು ಮಾಡಿದೆ ಎಂದ. ಆಮೇಲೆ ಅವನ ಮಾತೆಲ್ಲ ನುಣುಪಿನ ಮೇಲೆಯೇ. ಪುಟ್ಟಿ ಬಳಿದು ಒಣಗಿಸಿದ್ದು, ದಪ್ಪ ಪಾಲಿಶ್ ಪೇಪರಿನಿಂದ ಉಜ್ಜಿ ಸಣ್ಣ ಪೇಪರಿಗೆ ಬಂದದ್ದು, ಬಣ್ಣ ಹೊಡೆದು ನೀರು ಹಚ್ಚಿ ಮತ್ತೆ ಉಜ್ಜಿದ್ದು, ಹೀಗೆ ಮೂರು ವಾರ. ಬಾಣಂತಿಯ ಮನೆಯಲ್ಲಿ ಕೂಸಿಗೆ ನೀರೆರೆದದ್ದನ್ನು ಹೇಳುವ ಹಾಗೆ ಹೇಳಿದ.

"ಅಕ್ಕ, ಒಂದೀಟು ಉಣ್ಣಿ ತಾ."

ಅವಳು ಒಳಗಿನಿಂದ ಒಂದು ಹಿಡಿ ಉಣ್ಣೆ ತಂದು ಕೊಟ್ಟಳು. ಅವನು ಅದನ್ನು ಪೆಟ್ಟಿಗೆಯ ಮೇಲೆ ಮೆಲ್ಲಗೆ ಎಳೆದ. "ಎಲ್ಲೆರ ತರಿ ಇದ್ರ ಎಳಿ ಹಿಡೀತೈತಿ. ನೋಡು, ಹಿಡೀತೇನು?"

ಒಂದೆಳೆಯೂ ಹಿಡಿಯಲಿಲ್ಲ. ಭರಮಮ್ಮನಿಗೆ ಸಂಶಯ ಹುಟ್ಟಿದ್ದು ಅಲ್ಲಿಯೇ. ಮೈ ತೊಳೆದು ಎಣ್ಣೆ ಸವರಿದ ಕುರಿಯನ್ನು ಯಾರಾದರೂ ಸಂತೆಗೆ ತಂದರೆ ಮೊದಲು ಅದರ ಬಾಯಿ ತೆರೆದು ಹಲ್ಲು ನೋಡಬೇಕು ಎನ್ನುವುದು ಅವಳು ಹುಟ್ಟಿದಾಗಿನಿಂದ ಕೇಳಿದ್ದು. ಅವ್ವನ ಸಂದೂಕ ಸಾಗವಾನಿಯದು. ಸಾಗವಾನಿಗೆ ಯಾರಾದರೂ ಪುಟ್ಟಿ ಬಳಿಯುತ್ತಾರೆಯೇ? ಕರಿ ಬಣ್ಣ ಹೊಡೆಯುತ್ತಾರೆಯೇ? ಎಣ್ಣೆ ಹಚ್ಚಿ ನಾಲ್ಕು ಜನಕ್ಕೆ ತೋರಿಸುವ ಮರ ಅದು. ಕೇಳಿಯೇ ಬಿಟ್ಟಳು.

"ಜೋಡಿ ಒಂದ ತರ ಕಾಣಬೇಕಲ್ಲ ಅಕ್ಕ," ಎಂದ ಮೈಲಪ್ಪ, ಅವಳ ಮುಖ ನೋಡದೆ.

ಅವಳ ಗಂಡ ಜಂಬುನಾಥ ಎರಡನ್ನೂ ಎತ್ತಿ ನೋಡಿ ವಜ್ಜೆ ಅದಾವ ಎಂದ. ಸಗಣಿ ತುಂಬಿದ ಚೀಲವೂ ಭಾರವೇ ಇರುತ್ತದೆ ಎಂದಳು ಭರಮಮ್ಮ. ಹಳೇ ಬಾಗಿಲು, ಸಂದೂಕ ಕೊಳ್ಳುವವರ ಗಾಡಿ ಹೋದ ವರ್ಷ ಆ ಕಡೆಯ ಊರೆಲ್ಲ ತಿರುಗಿದ್ದು ಅವಳ ತಲೆಯಲ್ಲಿ ಸುತ್ತುತ್ತಿತ್ತು. ಹಣದ ಮಾತಲ್ಲ. ಆ ಸಂದೂಕದೊಳಗೆ ಒಂದು ಸುಟ್ಟ ಗುಳಿ ಇತ್ತು. ಆರು ವರ್ಷದ ಮೈಲಪ್ಪ ಚಿಮಣಿ ದೀಪ ಹಿಡಿದುಕೊಂಡು ಒಳಗೆ ಅಡಗಿ ಕುಳಿತು ಮಾಡಿದ್ದು. ನಾನೇ ಮಾಡಿದೆ ಎಂದು ಅವ್ವನ ಕೈಯಲ್ಲಿ ಏಟು ತಿಂದವಳು ಭರಮಮ್ಮ. ಅಂಥದ್ದನ್ನು ಮಾರಿಕೊಂಡನೇ ಇವನು?

ಗಂಡಸರಿಬ್ಬರೂ ಮರಿಗಳನ್ನು ನೋಡಲು ಹಟ್ಟಿಯ ಕಡೆ ಹೋದರು. ಅವಳು ಕುಡುಗೋಲು ತಂದು ಬಲಗಡೆಯ ಪೆಟ್ಟಿಗೆಯನ್ನು ಮಗ್ಗುಲಿಗೆ ಉರುಳಿಸಿ, ಕಾಣದ ಹಾಗೆ ತಳದ ಅಂಚಿನಲ್ಲಿ ಒಂದಿಷ್ಟು ಕೆರೆದಳು. ಮೊದಲು ಕರಿ ಬಣ್ಣ, ಆಮೇಲೆ ಬಿಳಿ ಪುಟ್ಟಿ. ಇನ್ನಷ್ಟು ಒತ್ತಿದಾಗ ಕುಡುಗೋಲಿನ ತುದಿ ಜಾರಿ ಪಕ್ಕದ ಮೈಮೇಲೆ ಗೇಣುದ್ದ ಗೀರಿತು. ಅಂಗೈಗೆ ಬಿದ್ದದ್ದು ಹುರಿದ ರವೆಯಂಥ ಪುಡಿ. ಮರದ ಎಳೆಯೇ ಇರಲಿಲ್ಲ. ಮೂಸಿದರೆ ಗೋಂದಿನ ವಾಸನೆ.

ಮೈಲಪ್ಪ ಬಂದಾಗ ಅವಳು ಅಂಗೈ ಚಾಚಿ ಕುಳಿತಿದ್ದಳು.

"ಇದು ಅವ್ವನ ಸಂದೂಕನಾ?"

ಅವನು ಪುಡಿಯನ್ನು ನೋಡಲಿಲ್ಲ. ಗೀರನ್ನು ನೋಡಿದ.

"ಮಾರೀನಿ ಅಂದಿದ್ರ ನಾಕು ಬೈದು ಸುಮ್ನಾಗ್ತಿದ್ದೆ. ಪುಟ್ಟಿ ಬಡದು ತಂದು ಕೊಟ್ಟಿಯಲ್ಲಲೇ, ಒಡಹುಟ್ಟಿದಾಕಿಗೆ."

ಜಂಬುನಾಥ ಹೊಸ್ತಿಲಲ್ಲೇ ನಿಂತ. ಮೈಲಪ್ಪ ಅಂಗಿಯ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಎಡಗಡೆಯ ಪೆಟ್ಟಿಗೆಯ ಮುಂದೆ ಕುಳಿತ. ನಾಲ್ಕು ಸ್ಕ್ರೂ ಬಿಚ್ಚಿ, ಸ್ಪೀಕರನ್ನು ಹೊರಗೆಳೆದು ಮಡಿಲಲ್ಲಿ ಇಟ್ಟುಕೊಂಡ.

"ಕೈ ಹಾಕು."

"ಚೇಳು ಇಟ್ಟೀಯೇನು?"

"ಹಾಕಕ್ಕ."

ಅವಳು ದುಂಡನೆಯ ಕಂಡಿಯೊಳಗೆ ಕೈ ತೂರಿಸಿದಳು. ಒಳಗೆ ಪುಟ್ಟಿ ಇರಲಿಲ್ಲ, ಬಣ್ಣ ಇರಲಿಲ್ಲ. ಬರೀ ಮರ, ಒರಟು. ಬೆರಳು ಹಲಗೆಯ ಎಳೆಯ ಗುಂಟ ಸರಿದು ಸರಿದು ಒಂದು ಗುಳಿಯಲ್ಲಿ ಇಳಿಯಿತು. ಕೈ ಹೊರಗೆ ತೆಗೆದಾಗ ಬೆರಳ ತುದಿ ಕಪ್ಪಾಗಿತ್ತು.

ಮೈಲಪ್ಪ ನೆಲ ನೋಡುತ್ತಾ ಹೇಳಿದ. ಗೆದ್ದಲು ತಿಂದು ಉಳಿದ ಹಲಗೆ ಎರಡೇ ಪೆಟ್ಟಿಗೆಗೆ ಸಾಕಾಯಿತು. ಅಕ್ಕನಿಗೊಂದು, ತನಗೊಂದು. ಒಂಟಿ ಪೆಟ್ಟಿಗೆಯಲ್ಲಿ ಹಾಡು ಚೆಂದ ಬರುವುದಿಲ್ಲವೆಂದು ಜೋಡಿಗೆ ಅಂಗಡಿಯಿಂದ ಪುಡಿ ಒತ್ತಿ ಮಾಡಿದ ಹಲಗೆ ತಂದ. ಅವನ ಮನೆಯಲ್ಲಿಯೂ ಹೀಗೆಯೇ, ಒಂದು ಅವ್ವನದು, ಒಂದು ಅಂಗಡಿಯದು.

"ಯಾವುದು ಯಾವುದು ಅಂತ ಗೊತ್ತಾಗಬಾರ್ದು ಅಂತನ ಮೂರು ವಾರ ಉಜ್ಜೀನಿ."

"ಮೊದಲ ಹೇಳಾಕ ಏನಾಗಿತ್ತು?"

"ಹೇಳಿದ್ರ ನೀ ಅವ್ವಂದಕ್ಕ ಕುಂಕುಮ ಹಚ್ಚಿ ದೇವರ ಜಗಲಿ ಮ್ಯಾಲ ಇಡ್ತಿದ್ದಿ. ಇನ್ನೊಂದು ಮೂಲ್ಯಾಗ ಬೀಳ್ತಿತ್ತು. ಹುಡುಗಿ ಹಾಡು ಹೆಂಗ ಕೇಳಬೇಕು?"

ಜಂಬುನಾಥ ಕೆಮ್ಮಿದಂತೆ ಮಾಡಿ ನಕ್ಕ. ಭರಮಮ್ಮ ನಗಲಿಲ್ಲ. ಬೆರಳ ಮಸಿಯನ್ನೇ ನೋಡುತ್ತಿದ್ದವಳ ಕಣ್ಣು ಮತ್ತೆ ಕಿರಿದಾಯಿತು.

"ಸುಟ್ಟ ಹಲಗೀನೇ ನನ್ನ ಪಾಲಿಗೆ ಬಂತೇನು?"

"ಏಟು ತಿಂದಾಕಿ ನೀನಲ್ಲ?"

ಅವನು ಸ್ಪೀಕರ್ ಕೂಡಿಸಿ ಸ್ಕ್ರೂ ಬಿಗಿದ. ಬಲಗಡೆಯದನ್ನು ನೆಟ್ಟಗೆ ನಿಲ್ಲಿಸಿ, ಹೊಸದಾಗಿ ಪುಟ್ಟಿ ಹಚ್ಚಲು ಬರುವ ಸೋಮವಾರ ಬರುತ್ತೇನೆ ಎಂದ. ಬೇಡ, ಇರಲಿ ಎಂದಳು ಭರಮಮ್ಮ. ಚಹಾ ಕುಡಿದು ಅವನು ಬಸ್ಸಿಗೆ ಹೋದ.

ಅವಳು ಕಟ್ಟೆಯ ಮೇಲೆ ಬಿದ್ದಿದ್ದ ಉಣ್ಣೆಯನ್ನು ತೆಗೆದುಕೊಂಡು ಎಡಗಡೆಯದರ ಮೇಲೆ ಎಳೆದಳು. ಆಮೇಲೆ ಬಲಗಡೆಯದರ ಮೇಲೆ. ಗೀರಿನಲ್ಲಿ ಒಂದೆಳೆ ಸಿಕ್ಕಿಕೊಂಡು ಗಾಳಿಗೆ ಅಲ್ಲಾಡತೊಡಗಿತು. ಅದನ್ನು ಅವಳು ಬಿಡಿಸಲಿಲ್ಲ.

ಅರ್ಧ ಕೊಡುತ್ತೇನೆ ಎಂದಿದ್ದ. ಅರ್ಧ ಕೊಟ್ಟಿದ್ದ.