ಸುಲಿದು ಹಾಕ್ತೀನಿ ಅಂದವನು

ಹೊಂಬಾಳಮ್ಮ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಒಳಗೆ ಬೆಂಚಿನ ಮೇಲೆ ಪಕ್ಕದ ತೋಟದ ಲಕ್ಕಯ್ಯ ತಲೆ ತಗ್ಗಿಸಿ ಕೂತಿದ್ದ. ಬೆಳಿಗ್ಗೆಯೇ ಕರೆತಂದಿದ್ದರಂತೆ. ಮಾಡಿದ್ದೇನು? ಏನೂ ಇಲ್ಲ. ಮಾಡಿಬಿಟ್ಟಾನು ಅಂತ ಅಷ್ಟೇ.

ಲಕ್ಕಯ್ಯ ಕೂಲಿಗೆ ತೆಂಗಿನಕಾಯಿ ಸುಲಿಯುವವನು. ಮೊನ್ನೆ ಶೆಟ್ಟಿಕೆರೆ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ, "ಅವ್ವನಾಗ್ಲಿ ಮಗನಾಗ್ಲಿ, ಬದು ದಾಟಿ ಬಂದೋರ್ನ ಸುಲಿದು ಹಾಕ್ತೀನಿ" ಅಂದಿದ್ದ. ಬೇರೆ ಯಾರಾದರೂ ಅಂದಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರು. ಸುಲಿಯುವುದೇ ಕಸುಬಾದವನು ಅಂದರೆ ಯಾರಿಗೆ ನಗು ಬರುತ್ತದೆ? ಹೊಂಬಾಳಮ್ಮನ ಮಗ ರವೀಂದ್ರ ನೆಟ್ಟಗೆ ಹೋಗಿ ದೂರು ಕೊಟ್ಟುಬಿಟ್ಟ. ನಾಳೆ ಇಬ್ಬರ ತೋಟದ ನಡುವಿನ ಆ ಬದುವಿನ ಸರ್ವೆ.

"ಸರ್ವೆ ಮುಗಿಯೋವರೆಗೂ ಇವನು ಇಲ್ಲೇ ಇರ್ತಾನೆ. ನೀವು ನೆಮ್ಮದಿಯಾಗಿ ಅಳತೆ ಮಾಡಿಸ್ಕೊಳಿ ಅಮ್ಮ," ಅಂದರು ಸಬ್ ಇನ್ಸ್‌ಪೆಕ್ಟರು.

ನೆಮ್ಮದಿಯೇನೋ ನಿಜ. ಲಕ್ಕಯ್ಯ ಎದುರಿಗಿಲ್ಲದಿದ್ದರೆ ಬದುವಿನ ಮೇಲಿನ ಎರಡು ತೆಂಗಿನಮರ ತಮ್ಮ ಕಡೆಗೇ ಬರುತ್ತವೆ. ಮಗ ಅದನ್ನು ಬಾಯಿಬಿಟ್ಟು ಹೇಳಿ ನಕ್ಕಾಗ ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು. ಆ ಸಿಟ್ಟಿನಲ್ಲೇ ಬಸ್ ಹತ್ತಿ ಬಂದಿದ್ದಳು.

"ಬುಟ್ಬುಡಿ ಸ್ವಾಮಿ. ಅಳೆಯೋವಾಗ ಅವನೂ ಬದುವಿನ ಮೇಲೆ ನಿಂತಿರ್ಲಿ."

"ಇವನು ಏನೂ ಮಾಡಲ್ಲ ಅಂತ ನೀವು ಗ್ಯಾರಂಟಿ ಕೊಡ್ತೀರಾ?"

"ನಂದೇ ಗ್ಯಾರಂಟಿ ಕೊಡಕ್ಕಾಗಲ್ಲ, ಇವನದ್ದು ಎಲ್ಲಿಂದ ಕೊಡ್ಲಿ? ಅವತ್ತು ಬದು ಜಗಳ ಆದಾಗ ನಾನೂ ಇವನ ಕೈ ಮುರೀತೀನಿ ಅಂದಿದ್ದೆ." ಹೊಂಬಾಳಮ್ಮ ಹೋಗಿ ಲಕ್ಕಯ್ಯನ ಪಕ್ಕದಲ್ಲೇ ಸೆರಗು ಸರಿಮಾಡಿಕೊಂಡು ಕೂತಳು. "ಆಡಿದ ಮಾತಿಗೆ ಕೂಡಾಕೋದಾದ್ರೆ ಇಬ್ರುನ್ನೂ ಕೂಡಾಕಿ."

ಸಬ್ ಇನ್ಸ್‌ಪೆಕ್ಟರಿಗೆ ನಗುವೂ ಬಂತು, ಸಿಟ್ಟೂ ಬಂತು. ದೂರು ಕೊಟ್ಟವನ ತಾಯಿಯನ್ನೇ ಒಳಗೆ ಹಾಕುವುದು ಹೇಗೆ? ಲಕ್ಕಯ್ಯನಿಗೆ ಸರಿಯಾಗಿ ಬೈದು ಕಳಿಸಿದರು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಲಕ್ಕಯ್ಯ ಮೆಲ್ಲಗೆ ಕೇಳಿದ, "ಹೊಂಬಾಳಕ್ಕ, ನನ್ನ ಕಂಡ್ರೆ ನಿಂಗೆ ಹೆದ್ರಿಕೆ ಇಲ್ವಾ?"

"ಐತೆ ಕಣಪ್ಪ, ಯಾಕಿಲ್ಲ? ನೀನು ಹಂಗಂದ ದಿನದಿಂದ ಸರಿಯಾಗಿ ನಿದ್ದೆ ಬಂದಿಲ್ಲ. ಹೆದ್ರಿಕೆ ನಂದು. ಅದಕ್ಕೆ ನೀನ್ಯಾಕೆ ಒಳಗೆ ಕೂತಿರ್ಬೇಕು?"

ಬಸ್ಸು ಬಂತು. ಹೊಂಬಾಳಮ್ಮ ಲಕ್ಕಯ್ಯನಿಗೆ ಬೆನ್ನು ಕೊಟ್ಟು ಮೊದಲು ಹತ್ತಿದಳು.