ಡಿಕ್ಕಿಯ ಕಣ್ಣಿಗೆ ಕಾಡಿಗೆ

ಮಿಂಗೇಲ್ ಕಂಡಕ್ಟರ್ "ಬರ್ಲಿ" ಅಂದರೆ ನಮ್ಮ ಕೋಗಿಲಬನದಲ್ಲಿ ಎಮ್ಮೆ ಕೂಡ ಹಿಂದಕ್ಕೆ ಸರಿಯುತ್ತಿತ್ತು. ಉಪ್ಪುಖಾರ ಹಚ್ಚಿ ಹೇಳುತ್ತಿಲ್ಲ, ಕಣ್ಣಾರೆ ಕಂಡಿದ್ದೇನೆ. ಮೂವತ್ತೊಂದು ವರ್ಷ ಸರಕಾರಿ ಬಸ್ಸಿನ ಹಿಂದೆ ನಿಂತು, ಅದರ ಬೆನ್ನು ತಟ್ಟುತ್ತ, "ಬರ್ಲಿ, ಬರ್ಲಿ, ಬರ್ಲಿ… ಹೋಲ್ಡಾನ್!" ಎಂದು ಕೂಗಿ ಪಳಗಿದ ಗಂಟಲು ಅದು. ಜೋಯಿಡಾ ಕಡೆಯ ಇಕ್ಕಟ್ಟು ತಿರುವಿನಲ್ಲಿ ಗೇಣು ಜಾಗ ಸಿಕ್ಕರೂ ಸಾಕು, ಬಸ್ಸನ್ನು ಹೊರಳಿಸಿ ನಿಲ್ಲಿಸುತ್ತಿದ್ದ. ಹೋಲ್ಡಾನ್ ಅಂದ ಮೇಲೂ ಡ್ರೈವರ್ ಒಂದಂಗುಲ ಹಿಂದೆ ಬಿಟ್ಟರೆ ಎರಡು ದಿನ ಅವನೊಂದಿಗೆ ಮಾತು ಬಿಡುತ್ತಿದ್ದ.

ನಿವೃತ್ತನಾದ ಮೇಲೂ ಅವನ ಗಂಟಲಿಗೆ ರಜೆ ಸಿಗಲಿಲ್ಲ. ಮಗಳು ಕಾತರಿನಾ ಹಳೆಯ ವ್ಯಾನೊಂದನ್ನು ಕೊಂಡು, ದಾಂಡೇಲಿಗೆ ಬರುವ ಪ್ರವಾಸಿಗರನ್ನು ಕಾಡೊಳಗಿನ ಹೋಂಸ್ಟೇಗಳಿಗೆ ಬಿಟ್ಟುಬರುವ ಕೆಲಸ ಹಿಡಿದಿದ್ದಳು. ಅಲ್ಲಿನ ದಾರಿಗಳ ಗುಣವೇ ಹಾಗೆ. ಒಳಗೆ ಹೋಗುವಾಗ ಗೊತ್ತಾಗುವುದಿಲ್ಲ, ಹೊರಗೆ ಬರಬೇಕಾದರೆ ಹಿಮ್ಮುಖವಾಗಿಯೇ ಬರಬೇಕು. ಹಾಗಾಗಿ ವ್ಯಾನಿನ ಮುಂದಿನ ಎಡಗಡೆ ಸೀಟು ಮಿಂಗೇಲನದಾಯಿತು. ಖಾಕಿ ಅಂಗಿ ತೊಟ್ಟು, ಕುತ್ತಿಗೆಗೆ ಕರವಸ್ತ್ರ ಸಿಕ್ಕಿಸಿ ಅಲ್ಲಿ ಕುಳಿತನೆಂದರೆ ಅವನಿಗೆ ಅರ್ಧ ಜಗತ್ತು ತನ್ನದೇ. ಪ್ರವಾಸಿಗರು ಆಫ್ರಿಕಾದವರಂಥ ಅವನ ಗುಂಗುರು ಕೂದಲು, ಮೈಬಣ್ಣ ನೋಡಿ, "ಅಂಕಲ್, ನಿಮ್ಮದು ಯಾವ ದೇಶ?" ಎಂದು ಕೇಳುತ್ತಿದ್ದರು.

"ಹಳಿಯಾಳ ಡಿಪೋ," ಅನ್ನುತ್ತಿದ್ದ ಮಿಂಗೇಲ್.

ಹೀಗೆ ಸುಖವಾಗಿದ್ದವನ ಹೊಟ್ಟೆಯ ಮೇಲೆ ಕಲ್ಲು ಹಾಕಿದ್ದು ಹೊಸ ಕಾರು. ಹೊಸದೆಂದರೆ ಕಾತರಿನಾಳಿಗೆ ಹೊಸದು. ಗೋವಾದ ಯಾರೋ ನಾಲ್ಕು ವರ್ಷ ಓಡಿಸಿ ಮಾರಿದ್ದು. ಬೂದು ಬಣ್ಣ, ದೊಡ್ಡ ಡಿಕ್ಕಿ. ಆ ಡಿಕ್ಕಿಯ ಹಿಡಿಕೆಯಲ್ಲೇ ಒಂದು ಕ್ಯಾಮೆರಾ ಅಡಗಿತ್ತು. ರಿವರ್ಸ್ ಗೇರ್ ಹಾಕಿದರೆ ಹಿಡಿಕೆಯ ಮುಚ್ಚಳ ಮೇಲೆದ್ದು, ಆಮೆ ತಲೆ ಹೊರಹಾಕಿದಂತೆ ಅದು ಹೊರಬರುತ್ತಿತ್ತು. ಗೇರ್ ಬದಲಿಸಿದರೆ ಮತ್ತೆ ಒಳಗೆ. ಹಿಂದೆ ಇರುವುದೆಲ್ಲ ಸ್ಟೇರಿಂಗ್ ಪಕ್ಕದ ಪರದೆಯ ಮೇಲೆ ಕಾಣುತ್ತಿತ್ತು.

"ಧೂಳ, ರಾಡಿ ಏನೂ ಹತ್ತಬಾರದಂತ ಒಳಗ ಕುಂದ್ರತೈತಿ ಅಪ್ಪಾ," ಎಂದು ಕಾತರಿನಾ ಹಿಗ್ಗಿನಿಂದ ಹೇಳಿದಳು. "ಇನ್ನ ನೀ ಬಿಸಲಾಗ ನಿಂತ ಒದರೂದು ಬ್ಯಾಡ. ಆರಾಮ ಮನ್ಯಾಗ ಇರು."

ಮಗಳು ಪ್ರೀತಿಯಿಂದಲೇ ಹೇಳಿದ್ದು. ಆದರೆ ಮಿಂಗೇಲನಿಗೆ ಯಾರೋ ನಡುದಾರಿಯಲ್ಲಿ ಬಸ್ಸಿನಿಂದ ಇಳಿಸಿದ ಹಾಗಾಯಿತು. ಒಂದು ದಿನ ಹೇಗೋ ಆರಾಮವಾಗಿದ್ದ. ಎರಡನೆಯ ದಿನ ಪಕ್ಕದ ಮನೆಯ ಕಾಶೆವ್ವನ ಕೋಳಿಗಳನ್ನು "ಬರ್ಲಿ, ಬರ್ಲಿ" ಎಂದು ಗೂಡಿಗೆ ಸೇರಿಸಿದ. ಮಧ್ಯಾಹ್ನ ಮೂರು ಗಂಟೆಗೆ ಗೂಡಿಗೆ ಹೋಗುವ ಕೋಳಿ ಯಾವುದಿದೆ? ಕಾಶೆವ್ವ ಬೈದಳು.

"ಆರಾಮ ಇದ್ದೂ ಇದ್ದೂ ನಂಗ ಆರಾಮಿಲ್ಲದಂಗ ಆಗೈತಿ ಕಾಶೆವ್ವಾ," ಎಂದ.

ಆ ಭಾನುವಾರ ಪೂಜೆ ಮುಗಿಸಿ ಬಂದ ಪಾದ್ರಿಗಳು ಕಾರಿಗೆ ತೀರ್ಥ ಚಿಮುಕಿಸಿ ಆಶೀರ್ವದಿಸಿದರು. ಓಣಿಯ ಮಂದಿಯೆಲ್ಲ ಸೇರಿದ್ದೆವು. ನಾವೆಲ್ಲ ಕೇಳಿಕೊಂಡೆವೆಂದು ಕಾತರಿನಾ ಒಳಗೆ ಕುಳಿತು, ಕ್ಲಚ್ ತುಳಿದು ರಿವರ್ಸ್ ಗೇರ್ ಹಾಕಿದಳು. ಹಿಡಿಕೆಯೊಳಗಿಂದ ಕ್ಯಾಮೆರಾ ಹೊರಗೆ ಬಂತು.

"ಅಯ್ಯ ನನ್ನವ್ವ, ಕಣ್ಣ ಬಿಟ್ಟತಲ್ಲ ಇದು!" ಎಂದು ಕಾಶೆವ್ವ ಗಲ್ಲಕ್ಕೆ ಕೈಹಚ್ಚಿದಳು. "ಇಷ್ಟ ಮಂದಿ ನೋಡಾಕ ಹತ್ತೇರಿ, ದೃಷ್ಟಿ ಆಗೂದಿಲ್ಲೇನು?"

ಪಾದ್ರಿಗಳ ತೀರ್ಥದ ಮೇಲೆ ಅವಳಿಗೆ ನಂಬಿಕೆ ಇಲ್ಲವೆಂದಲ್ಲ. ಒಂದರ ಜೊತೆ ಇನ್ನೊಂದು ಇರಲಿ ಎನ್ನುವವಳು. ಎಲೆಅಡಿಕೆ ಚಂಚಿಯಿಂದ ಕಾಡಿಗೆ ಡಬ್ಬಿ ತೆಗೆದಳು. ಮೊಮ್ಮಕ್ಕಳಿಗೆಂದು ಹರಳೆಣ್ಣೆ ದೀಪದ ಮಸಿಯಿಂದ ತಾನೇ ಮಾಡಿದ ಕಾಡಿಗೆ. ಕೂಸಿಗಾದರೆ ದೃಷ್ಟಿಬೊಟ್ಟನ್ನು ಗಲ್ಲಕ್ಕೆ ಇಡಬೇಕು. ಈ ಕೂಸಿಗೆ ಗಲ್ಲ ಎಲ್ಲಿದೆ? ಇದ್ದದ್ದೊಂದೇ ಕಣ್ಣು. ಕಾಶೆವ್ವ ನೇರವಾಗಿ ಕಣ್ಣಿಗೇ ಬೊಟ್ಟಿಟ್ಟು, ಬೆರಳು ನೆಟಿಗೆ ಮುರಿದಳು. ಕಾತರಿನಾ ಆಗ ಕಿಟಕಿಯಿಂದ ತಲೆ ಹೊರಹಾಕಿ ಕಾರಿನ ಮೈಲೇಜ್ ಹೇಳುತ್ತಿದ್ದಳು. ಗೇರ್ ತೆಗೆದಳು, ಕಣ್ಣು ಬೊಟ್ಟಿನ ಸಮೇತ ಒಳಗೆ ಹೋಯಿತು.

ಮರುದಿನ ಬೆಳಿಗ್ಗೆ ಅಂಗಳದಿಂದ ಮಗಳ ಕೂಗು ಬಂತು.

"ಅಪ್ಪಾ! ಪರದೆ ಕರ್ರಗ ಆಗೈತಿ, ಏನೂ ಕಾಣವಲ್ದು. ಒಂದೀಟ ಹಿಂದ ನಿಂದ್ರು ಬಾ!"

ಮಿಂಗೇಲ್ ಖಾಕಿ ಅಂಗಿ ತೊಟ್ಟುಕೊಂಡೇ ಹೊರಗೆ ಬಂದ. ಹಿಂದೆ ನಿಂತ. ಕ್ಯಾಮೆರಾ ಹೊರಬಂತು, ಅದರ ಕಣ್ತುಂಬ ಕಾಶೆವ್ವನ ಕಾಡಿಗೆ.

"ಕ್ಯಾಮೆರಾಕ್ಕ ಏನರ ಹತ್ತೇತೇನು ನೋಡ ಅಪ್ಪಾ."

ಮಿಂಗೇಲ್ ನೋಡಿದ. ಬಗ್ಗಿ ನೋಡಿದ. ಈ ಯಂತ್ರದ ಒಂದು ತಮಾಷೆ ಅವನಿಗೆ ಆಗಲೇ ಹೊಳೆದದ್ದು: ಕಾರು ನಡೆಸುವವಳಿಗೆ ಈ ಕಣ್ಣು ಎಂದೂ ಕಾಣುವುದಿಲ್ಲ. ಅವಳು ಗೇರ್ ತೆಗೆದು ಇಳಿದು ಬರುವಷ್ಟರಲ್ಲಿ ಅದು ಒಳಗೆ ಹೋಗಿರುತ್ತದೆ. ಕಾಣುವುದು ಹಿಂದೆ ನಿಂತವನಿಗೆ ಮಾತ್ರ.

"ಏನೂ ಇಲ್ಲವ್ವಾ," ಎಂದ. "ಕನ್ನಡಿ ಇದ್ದಂಗ ಐತಿ."

ಬಳಿಕ "ಬರ್ಲಿ, ಬರ್ಲಿ" ಎಂದು ಅವನು ಕೂಗಿದ ರಭಸಕ್ಕೆ ಮರದ ಮೇಲಿನ ಮಂಗಗಳು ಜಾಗ ಬಿಟ್ಟವು. ಅಂದು ಮುಂದಿನ ಎಡಗಡೆ ಸೀಟಿನಲ್ಲಿ ಕುಳಿತು ಮಿಂಗೇಲ್ ಮೂರು ಹೋಂಸ್ಟೇ ಸುತ್ತಿದ.

ಕಾಡಿಗೆ ಎಷ್ಟು ದಿನ ನಿಂತೀತು? ನಾಲ್ಕನೆಯ ದಿನ ಮಳೆನೀರು ತಗುಲಿ ಕರಗಿತು. "ಅಪ್ಪಾ, ಕ್ಯಾಮೆರಾ ತಾನ ಸುದ್ದ ಆತು ನೋಡ!" ಎಂದು ಮಗಳು ಖುಷಿಪಟ್ಟಳು. ಮಿಂಗೇಲನ ಮುಖ ಸಣ್ಣದಾಯಿತು. ಅವತ್ತೇ ಕಾಶೆವ್ವನ ಹತ್ತಿರ ಹೋಗಿ, ಕಣ್ಣುರಿ ಎಂದು ಸುಳ್ಳು ಹೇಳಿ, ಒಂದು ಖಾಲಿ ಸುಣ್ಣದ ಡಬ್ಬಿ ತುಂಬ ಕಾಡಿಗೆ ಇಸಕೊಂಡು ಬಂದ. ಅಲ್ಲಿಂದ ಮುಂದೆ ಕಣ್ಣು ಯಾವಾಗ ತಿಳಿಯಾದರೂ, ಕಾರು ಹಿಂದೆ ಬರುವಾಗ "ಬರ್ಲಿ" ಅನ್ನುತ್ತಲೇ ಹೆಬ್ಬೆರಳಿನಿಂದ ಒಂದು ಒತ್ತು ಒತ್ತುತ್ತಿದ್ದ. ಅರವತ್ತು ದಾಟಿದವನಿಗೆ ಇದು ಒಪ್ಪುವ ಕೆಲಸವೇ ಎಂದು ನೀವು ಕೇಳಬಹುದು. ಸೀಟು ಹೋಗುವುದು ನಿಮ್ಮದಾಗಿದ್ದರೆ ಕೇಳುತ್ತಿರಲಿಲ್ಲ.

ಎರಡು ವಾರ ನೋಡಿ ಕಾತರಿನಾ ಕಾರನ್ನು ದಾಂಡೇಲಿಯ ಮಲಿಕಸಾಬನ ಗ್ಯಾರೇಜಿಗೆ ಒಯ್ದಳು. ಮಿಂಗೇಲನೂ ಜೊತೆಗೆ ಹೊರಟ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಕಾತರಿನಾ ಪೇಟೆಗೆ ಹೋದ ಮೇಲೆ ಮಲಿಕಸಾಬ ಎಂಜಿನ್ ಬಂದ್ ಮಾಡಿ, ಕೀಲಿ ಮಾತ್ರ ಆನ್ ಇಟ್ಟು, ರಿವರ್ಸ್ ಗೇರ್ ಹಾಕಿ ಕೆಳಗಿಳಿದ. ಹಾಗೆ ಮಾಡಿದರೆ ಒಳಗೆ ಯಾರೂ ಇಲ್ಲದಿದ್ದರೂ ಕ್ಯಾಮೆರಾ ಹೊರಗೇ ನಿಲ್ಲುತ್ತದೆಂದು ಮಿಂಗೇಲನಿಗೆ ಗೊತ್ತಿರಲಿಲ್ಲ. ಮಲಿಕಸಾಬ ಕಣ್ಣಿನ ಮೇಲೆ ಬೆರಳಾಡಿಸಿ, ಮೂಸಿ ನೋಡಿದ.

"ಕಂಡಕ್ಟರ್ ಸಾಹೇಬ್ರ, ಇದು ಗ್ರೀಸ್ ಅಲ್ರಿ. ಹರಳೆಣ್ಣಿ ವಾಸನಿ ಐತಿ."

ಮಿಂಗೇಲ್ ಎಲ್ಲ ಒಪ್ಪಿಕೊಂಡ. ಒಪ್ಪಿಕೊಂಡು ಕೇಳಿದ: "ಮಲಿಕಸಾಬ್ರ, ನಿಮ್ಮ ಮನಿಯವ್ರು ಹಡಿಯೂ ದಿವಸ ನೆನಪೈತೇನ್ರಿ?"

ಮರೆಯುವುದುಂಟೆ? ಹೆಂಡತಿ ಸಿರಾಜುನ್ನಿಸಾಳಿಗೆ ಹೆರಿಗೆ ನೋವು ಬಂದಾಗ ಹಳಿಯಾಳದ ಬಸ್ಸನ್ನು ಅವರ ಸಂದಿಯೊಳಗೆ, ಎರಡೂ ಕಡೆ ನಾಲ್ಕು ಬೆರಳು ಜಾಗ ಬಿಟ್ಟು, ಮನೆ ಬಾಗಿಲ ತನಕ ಹಿಮ್ಮುಖವಾಗಿ ತಂದವನು ಇದೇ ಮಿಂಗೇಲ್. ಆಸ್ಪತ್ರೆ ಮುಟ್ಟಿದ ಅರ್ಧ ಗಂಟೆಗೆ ಮಗ ಆಶಿಕ ಹುಟ್ಟಿದ. ಮಲಿಕಸಾಬ ನಿಟ್ಟುಸಿರು ಬಿಟ್ಟು ಕೈ ಒರೆಸಿಕೊಂಡ. ಕಾತರಿನಾ ಬಂದಾಗ, "ಇದರ ಪಾರ್ಟ್ ಇಲ್ಲಿ ಸಿಗೂದಿಲ್ಲವಾ, ಹೊರಗಿಂದ ಬರಬೇಕು. ತಡಾ ಆಗತೈತಿ," ಎಂದು ಅವಳ ಮುಖ ನೋಡದೆ ಹೇಳಿದ.

"ಅಲ್ಲೀತನಾ ಅಪ್ಪ ಅದಾನಲ್ಲ, ಬಿಡ್ರಿ ಕಾಕಾ," ಎಂದಳು ಕಾತರಿನಾ. ಮಿಂಗೇಲನಿಗೆ ದಾರಿಯುದ್ದಕ್ಕೂ ಕಾಲು ನೆಲಕ್ಕೆ ತಾಗಲಿಲ್ಲ.

ಶ್ರಾವಣದ ಒಂದು ಸಂಜೆ ತೇರಗಾಂವದ ಕಡೆಯಿಂದ ಬರುವಾಗ ಮಳೆಯಲ್ಲಿ ನೆನೆದು ಮಿಂಗೇಲನಿಗೆ ಜ್ವರ ಹಿಡಿಯಿತು. ಈ ಸಲ ನಿಜವಾಗಿಯೂ ಆರಾಮಿರಲಿಲ್ಲ. ಮರುದಿನ ಕಾತರಿನಾಳಿಗೆ ಮುಂಡಗೋಡದ ಬಾಡಿಗೆ ಇತ್ತು. ಪ್ರವಾಸಿಗರಿಗೆ ಟಿಬೆಟಿಯನ್ ಕ್ಯಾಂಪ್ ತೋರಿಸಿ, ಮಳಗಿಯ ಡ್ಯಾಮಿಗೆ ಕರೆದೊಯ್ಯಬೇಕಿತ್ತು. "ನೀ ಮಲಕ್ಕೋ ಅಪ್ಪಾ, ನಾ ಹೋಗಿ ಬರ್ತೇನಿ," ಎಂದು ಹೊದಿಕೆ ಸರಿಮಾಡಿ ಹೊರಟಳು.

ಕಾರಿನ ಸದ್ದು ಸೇತುವೆ ದಾಟಿದ ಮೇಲೆ ಮಿಂಗೇಲನಿಗೆ ನೆನಪಾಯಿತು: ಹಿಂದಿನ ದಿನ ಬೆಳಿಗ್ಗೆಯೇ ಕಣ್ಣಿಗೆ ದಪ್ಪಗೆ ಕಾಡಿಗೆ ಮೆತ್ತಿದ್ದ. ಮಳಗಿಯಲ್ಲಿ ನೀರಿನ ದಂಡೆಯ ಮೇಲೆ ಕಾರು ತಿರುಗಿಸಬೇಕು. ಹಿಂದೆ ಕೂಗಲು ಇವನಿಲ್ಲ, ಮುಂದೆ ನೋಡಲು ಪರದೆ ಇಲ್ಲ. ಫೋನು ಮಾಡಿದ, ಗಾಡಿ ಓಡಿಸುವಾಗ ಅವಳು ಎತ್ತುವುದಿಲ್ಲ. ಅದನ್ನೂ ಕಲಿಸಿದವನು ಇವನೇ.

ಕಾಶೆವ್ವ ಶುಂಠಿ ಕಷಾಯ ತಂದಾಗ ಅವನು ಹಾಸಿಗೆಯ ಮೇಲೆ ಎದ್ದು ಕುಳಿತಿದ್ದ.

"ಕಾಶೆವ್ವಾ, ನನ್ನ ಕೈಯಾರ ನನ್ನ ಮಗಳ ಕಣ್ಣ ಕಟ್ಟೇನಿ," ಎಂದು ಎಲ್ಲ ಹೇಳಿದ. ಕಣ್ಣಲ್ಲಿ ನೀರಿತ್ತು. ಸೀಟಿನ ಆಸೆ ಎಷ್ಟು ದೊಡ್ಡದಿತ್ತೋ, ಈಗಿನ ಹೆದರಿಕೆ ಅದರ ನೂರು ಪಾಲು. ಮಗಳು ನೆಟ್ಟಗೆ ಮನೆಗೆ ಬಂದರೆ ಸಾಕು, ಜನ್ಮದಲ್ಲಿ ಮತ್ತೆ ಬರ್ಲಿ ಅನ್ನುವುದಿಲ್ಲ ಎಂದು ಗೋಡೆಯ ಮೇಲಿನ ಮಾತೆಯ ಪಟಕ್ಕೆ ಮಾತು ಕೊಟ್ಟ. ಕಾಶೆವ್ವ ಸಮಾಧಾನ ಹೇಳುವ ಬದಲು, "ಕಣ್ಣುರಿ ಅಂದಿದ್ಯಲ್ಲೋ ಸುಳ್ಳ!" ಎಂದು ಸುಣ್ಣದ ಡಬ್ಬಿ ಕಿತ್ತುಕೊಂಡು ಹೋದಳು.

ಸಂಜೆ ಐದಕ್ಕೆ ಕಾರು ಬಂತು. ಮಿಂಗೇಲ್ ಹೊದಿಕೆ ಸುತ್ತಿಕೊಂಡೇ ಅಂಗಳಕ್ಕೆ ಓಡಿ, ಕಾರನ್ನು ಒಂದು ಸುತ್ತು ಬಂದ. ಒಂದು ಗೀರೂ ಇರಲಿಲ್ಲ. ಕಾತರಿನಾ ಕಾರನ್ನು ಮಾಡಿನ ಕೆಳಗೆ ನಿಲ್ಲಿಸಲು ರಿವರ್ಸ್ ಹಾಕಿದಳು. ಮಿಂಗೇಲ್ ಕುತ್ತಿಗೆಯ ಕರವಸ್ತ್ರ ಕಿತ್ತು ಕ್ಯಾಮೆರಾದ ಕಣ್ಣು ಒರೆಸಲು ಬಗ್ಗಿದ.

ಒರೆಸಲು ಏನೂ ಇರಲಿಲ್ಲ. ಕಣ್ಣು ಥಳಥಳ ಹೊಳೆಯುತ್ತಿತ್ತು.

ಕಿಟಕಿಯಿಂದ ಮಗಳ ದನಿ ಬಂತು.

"ಗ್ಯಾರೇಜಿಂದ ಬಂದ ಮ್ಯಾಲ ನಿಗಾ ಇಟ್ಟ ನೋಡೇನಿ, ಪ್ರತಿ ಸಲ ಪರದೆ ಕಪ್ಪಾಗೂಕಿಂತ ಮೊದಲ ಒಂದ ಹೆಬ್ಬಟ್ಟ ಕಾಣತಿತ್ತು ಅಪ್ಪಾ. ಮೂವತ್ತೊಂದ ವರ್ಷ ಟಿಕೇಟ್ ಹರದ ಹೆಬ್ಬಟ್ಟ. ನಂಗ ಗುರ್ತ ಹತ್ತೂದಿಲ್ಲೇನು? ಇವತ್ತ ಹೊಂಡೂ ಮೊದಲ ರಿವರ್ಸ್ ಹಾಕಿ, ಕೀಲಿ ಆನ್ ಇಟ್ಟ ಇಳದ, ನಿನ್ನಿನ ಕಾಡಿಗಿ ಒರಸಕೊಂಡ ಹೋಗಿದ್ದೆ."

ಮಿಂಗೇಲ್ ನಾಚಿಕೆಯಿಂದ ನೀರಾದ. ಒಳಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವಳು ಗಂಜಿ ತಂದಾಗ, "ಇನ್ನ ನಾ ಮನ್ಯಾಗ ಇರ್ತೇನಿ. ಕಣ್ಣ ನೆಟ್ಟಗ ಐತಲ್ಲ, ನಂದೇನ ಕೆಲಸ," ಎಂದಷ್ಟೇ ಅಂದ. ಕಾತರಿನಾ ಗಂಜಿಯ ಬಟ್ಟಲು ಇಟ್ಟು ಹೋದಳು.

ಮೂರು ದಿನಕ್ಕೆ ಜ್ವರ ಇಳಿಯಿತು. ಖಾಕಿ ಅಂಗಿ ಮೊಳೆಯ ಮೇಲೇ ಇತ್ತು. ನಾಲ್ಕನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಹಾರ್ನ್ ಕೇಳಿಸಿತು, ಒಮ್ಮೆಯಲ್ಲ, ಐದು ಸಲ.

"ಅಪ್ಪಾ! ಮತ್ತ ಪರದೆ ಕರ್ರಗ ಆಗೈತಿ! ಲಗೂ ಬಾ, ಹೊತ್ತಾಗತೈತಿ!"

"ನಾ ಏನೂ ಮಾಡಿಲ್ಲವ್ವಾ, ದೇವರಾಣಿ!" ಎಂದು ಮಿಂಗೇಲ್ ಬನಿಯನ್ನಿನಲ್ಲೇ ಓಡಿಬಂದ. ಹಿಂದೆ ಹೋಗಿ ನೋಡಿದರೆ ಕಣ್ಣಿನ ನಟ್ಟನಡುವೆ ಒಂದು ಬೊಟ್ಟು. ಅವನ ಹೆಬ್ಬೆರಳಿನ ಒಡ್ಡೊಡ್ಡು ಒತ್ತಲ್ಲ. ಕೂಸಿನ ಗಲ್ಲಕ್ಕೆ ಇಟ್ಟ ಹಾಗೆ ಸಣ್ಣದು, ದುಂಡಗಿನದು. ಬೇಲಿಯಾಚೆ ಕಾಶೆವ್ವ ತನ್ನ ಡಬ್ಬಿಯೊಳಗೆ ಬೆರಳು ಹಾಕಿ ಗೊಣಗುತ್ತಿದ್ದಳು: "ಅಪ್ಪಗ ಆತು, ಇನ್ನ ಮಗಳಿಗೆ. ಕೂಸುಗಳಿಗೆ ಏನ ಹಚ್ಚಲಿ ನಾ?"

ಮಿಂಗೇಲ್ ಬಹಳ ಹೊತ್ತು ಆ ಬೊಟ್ಟು ನೋಡಿದ. ಆಮೇಲೆ ಕರವಸ್ತ್ರ ತೆಗೆದು ಕಣ್ಣನ್ನು ನಿಧಾನವಾಗಿ, ಅಂಚು ಬಿಡದೆ ಒರೆಸಿದ. ಪರದೆಯ ಮೇಲೆ ತಾನು ಪೂರ್ತಿ ಕಾಣುವಷ್ಟು ದೂರ ಹಿಂದೆ ಸರಿದು, ಬನಿಯನ್ ಕೆಳಗೆ ಎಳೆದುಕೊಂಡು ನಿಂತ.

"ಬರ್ಲಿ… ಬರ್ಲಿ… ಬರ್ಲಿ…"

ಕಾರು ಹಿಂದೆ ಬಂತು, ಅವನು ಕೂಗುತ್ತಲೇ ಪಕ್ಕಕ್ಕೆ ಸರಿದ. ಒಳಗೆ ಪರದೆ ಪೀಂ ಪೀಂ ಎಂದು ಕೂಗತೊಡಗಿತು, ನಿಲ್ಲಿಸು ಎಂದು. ಕಾತರಿನಾ ನಿಲ್ಲಿಸಲಿಲ್ಲ. ಪೀಂ ಪೀಂ ಒಂದೇ ಸಮ ಕಿರುಚಾಟವಾಯಿತು. ಆಗಲೂ ನಿಲ್ಲಿಸಲಿಲ್ಲ. ಅಂಗುಲ ಅಂಗುಲವಾಗಿ ಬರುತ್ತಲೇ ಇದ್ದಳು, ಅಂಗಳದ ಗೋಡೆಗೆ ಇನ್ನು ನಾಲ್ಕು ಬೆರಳು ಉಳಿಯುವ ತನಕ.

"ಹೋಲ್ಡಾನ್!"

ಕಾರು ನಿಂತಿತು. ಮುಂದಿನ ಎಡಗಡೆ ಬಾಗಿಲು ಒಳಗಿನಿಂದ ತೆರೆದುಕೊಂಡಿತು.

"ಅಂಗಿ ಹಾಕ್ಕೊಂಡ ಬಾ," ಎಂದಳು ಕಾತರಿನಾ. "ಬನಿಯನ್ ಮ್ಯಾಲ ಬಂದ ಸ್ಟಾಫಿಗೆ ಸೀಟ್ ಇಲ್ಲ."